ಪದಚರ್ಚೆ: ಫಾರಂ ‘ಮೈಗ್ರೇಶನ್’ ಅಂದರೆ ವಲಸೆಯೋ, ವರ್ಗಾವಣೆಯೋ?

ಎಲ್ಲರಿಗೂ ನಮಸ್ಕಾರ.

ಹಳೆಯ ಪಿಡಿಎಫ್ ಫಾರಂಗಳನ್ನು ವೆಬ್ ಫಾರಂ ಮಾಡುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಮೈಗ್ರೇಶನ್’ ಅನ್ನುವ ಮಾತು ಪುಟಪುಟಕ್ಕೂ ಬರುತ್ತದೆ. ಕೆಲಸದ ಜಾಗದಲ್ಲಿ ಎಲ್ಲರೂ ‘ಮೈಗ್ರೇಟ್ ಮಾಡೋದು’, ‘ಕನ್ವರ್ಟ್ ಮಾಡೋದು’ ಅಂತಲೇ ಹೇಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಮಾತು ಕೇಳಿದವರಿಗೆ ಇದು ಬರೀ ಎತ್ತಿಡುವ ಕೆಲಸ ಅನಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ನಾನು ಹೇಳುತ್ತಿರುವುದು ಅಡೋಬಿಯ ಲೈವ್‌ಸೈಕಲ್ ಡಿಸೈನರ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿದ ಎಕ್ಸ್‌ಎಫ್‌ಎ ಫಾರಂಗಳ ವಿಷಯ, ಅಂದರೆ ತುಂಬಿದ್ದನ್ನು ಒಳಗೇ ಲೆಕ್ಕ ಹಾಕಿ ನೋಡುವ ಒಂದು ಬಗೆಯ ಪಿಡಿಎಫ್ ಫಾರಂ. ಕಂಪನಿ ವ್ಯವಹಾರಗಳ ಸಚಿವಾಲಯದ ಈ-ಫಾರಂ ತುಂಬಿದ ಆಡಿಟರುಗಳಿಗೆ ಇದರ ಅನುಭವ ಚೆನ್ನಾಗಿದೆ. ಡೌನ್‌ಲೋಡ್ ಮಾಡಿ, ತುಂಬಿ, ಚೆಕ್ ಫಾರಂ ಒತ್ತಿ, ಡಿಜಿಟಲ್ ಸಹಿ ಹಾಕಿ ಅಪ್‌ಲೋಡ್ ಮಾಡುತ್ತಿದ್ದರು. 2022ರಿಂದ ಅಲ್ಲೂ ಹಂತಹಂತವಾಗಿ ವೆಬ್ ಫಾರಂ ಬಂತು. 2017ರ ಪಿಡಿಎಫ್ 2.0 ಮಾನಕವೂ ಎಕ್ಸ್‌ಎಫ್‌ಎಯನ್ನು ಇನ್ನು ಬಳಸಬೇಡಿ ಅನ್ನುವ ಪಟ್ಟಿಗೆ ಸೇರಿಸಿತು. ಮೊಬೈಲಿನ ಎಷ್ಟೋ ಆ್ಯಪ್‌ಗಳಲ್ಲಿ ಇಂಥ ಫಾರಂ ತೆರೆದರೆ ‘ಪ್ಲೀಸ್ ವೇಟ್’ ಅನ್ನುವ ಹಾಳೆಯೊಂದೇ ಕಾಣುತ್ತದೆ, ಎಷ್ಟು ಕಾದರೂ ಅಷ್ಟೇ.

ಫಾರಂನ ಹೆಸರು, ವಿಳಾಸ, ಕಾಲಂಗಳೆಲ್ಲ ಹೊಸ ಕಡೆಗೆ ಸಲೀಸಾಗಿ ಬರುತ್ತವೆ. ಒಳಗಿನ ಲೆಕ್ಕ ಬರುವುದಿಲ್ಲ. ಹಳೆಯದರಲ್ಲಿ ಫಾರ್ಮ್‌ಕ್ಯಾಲ್ಕ್ ಅನ್ನುವ, ಇಂಥ ಲೆಕ್ಕ ಬರೆಯುವ ಸಣ್ಣ ಸ್ಕ್ರಿಪ್ಟ್ ಭಾಷೆ ಇತ್ತು, ಹೊಸದರಲ್ಲಿ ಜಾವಾಸ್ಕ್ರಿಪ್ಟ್. ಫಾರ್ಮ್‌ಕ್ಯಾಲ್ಕ್ 500ಕ್ಕೆ 250 ಕೂಡಿಸಿ 750 ಅನ್ನುತ್ತಿತ್ತು. ವೆಬ್ ಫಾರಂನ ಕಾಲಂನಲ್ಲಿ ಬರೆದದ್ದು ಜಾವಾಸ್ಕ್ರಿಪ್ಟ್‌ಗೆ ಅಕ್ಷರವಾಗಿ ಸಿಗುತ್ತದೆ. ಅದನ್ನು ಸಂಖ್ಯೆ ಮಾಡಿಕೊಳ್ಳದೆ ಕೂಡಿಸಿದರೆ 500250 ಅಂತ ಜೋಡಿಸಿಬಿಡುತ್ತದೆ! ತಾರೀಖಿನದು ಇನ್ನೂ ಜಾಸ್ತಿ ಗೋಜಲು. ಅಲ್ಲಿ 1900ರ ಜನವರಿ 1ನ್ನು ಮೊದಲ ದಿನ ಅಂತ ಹಿಡಿದು ದಿನ ಎಣಿಸುತ್ತಾರೆ. ಇಲ್ಲಿ 1970ರ ಜನವರಿ 1ರಿಂದ ಮಿಲಿಸೆಕೆಂಡ್ ಎಣಿಸುತ್ತಾರೆ. ಹಳೆಯ ಸ್ಕ್ರಿಪ್ಟಿನ ಸಾಲನ್ನು ಹಾಗೇ ತಂದಿಟ್ಟರೆ ಅರ್ಜಿದಾರರ ವಯಸ್ಸು ತಪ್ಪಾಗಿ ಬರುತ್ತದೆ. ಪಿಂಚಣಿ ಅರ್ಜಿಯಲ್ಲಿ ಹೀಗಾದರೆ ಒಬ್ಬರ ತಿಂಗಳ ದುಡ್ಡೇ ನಿಂತುಹೋಗಬಹುದು. ಅದಕ್ಕೇ ಈ ಪದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

‘ವಲಸೆ’ ಅಂದರೆ ಹಕ್ಕಿ, ಕೂಲಿಯವರು ನೆನಪಾಗುತ್ತಾರೆ. ‘ವರ್ಗಾವಣೆ’ ಅಂದರೆ ಮೇಷ್ಟರದು, ಇಲ್ಲವೇ ಹಣದ್ದು. ಎರಡರಲ್ಲೂ ಹೋದದ್ದು ಹೋದ ಹಾಗೇ ಇರುತ್ತದೆ, ಜಾಗ ಮಾತ್ರ ಬೇರೆ. ‘ಸ್ಥಳಾಂತರ’ವೂ ಅಷ್ಟೇ.

ನನಗೆ ಹತ್ತಿರ ಅನಿಸಿದ್ದು ರಂಗಭೂಮಿಯವರ ಮಾತು. ಕಾದಂಬರಿಯನ್ನು ‘ರಂಗರೂಪಕ್ಕೆ ತಂದರು’ ಅನ್ನುತ್ತೇವಲ್ಲ, ಅಲ್ಲಿ ಕಥೆ ಅದೇ ಇದ್ದರೂ ಮಾತುಗಳನ್ನು ಹೊಸದಾಗಿ ಬರೆದಿರುತ್ತಾರೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಹಾಗೇ ‘ಫಾರಂ ಅನ್ನು ವೆಬ್‌ರೂಪಕ್ಕೆ ತರುವುದು’ ಅನ್ನಬಹುದಾ? ‘ಜಾಲರೂಪ’ವನ್ನೂ ಯೋಚಿಸಿದೆ. ಆದರೆ ‘ವೆಬ್’ ಎಲ್ಲರ ಬಾಯಲ್ಲೂ ಇದೆ, ಅದೇ ಇರಲಿ ಅನಿಸುತ್ತದೆ. ತುಂಬಿದ ಮಾಹಿತಿಯನ್ನು ಮಾತ್ರ ಸಾಗಿಸುವ ಕಡೆ ‘ವರ್ಗಾವಣೆ’ಯನ್ನೇ ಉಳಿಸಿಕೊಳ್ಳುತ್ತೇನೆ.

ಇನ್ನೊಂದು ಸಂದೇಹ ‘ವ್ಯಾಲಿಡೇಶನ್’ ಕುರಿತು, ಅಂದರೆ ತುಂಬಿದ್ದು ಸರಿಯಾಗಿದೆಯಾ ಅಂತ ಫಾರಂ ತಾನೇ ನೋಡುವುದು. ‘ಸಿಂಧುತ್ವ’ ಅಂದರೆ ಜನರಿಗೆ ಜಾತಿ ಪ್ರಮಾಣಪತ್ರವೇ ಕಣ್ಮುಂದೆ ಬರುತ್ತದೆ, ಅಲ್ವಾ? ಒಟ್ಟು ಮೊತ್ತ ಮೇಲಿನ ಸಾಲುಗಳಿಗೆ ಹೊಂದುತ್ತದಾ ಅಂತ ನೋಡುವುದಕ್ಕೆ ‘ತಾಳೆ ನೋಡುವುದು’ ಸೊಗಸಾಗಿ ಒಪ್ಪುತ್ತದೆ. ಆದರೆ ಪಿನ್‌ಕೋಡ್‌ಗೆ ಆರು ಅಂಕಿ ಇವೆಯಾ, ಪ್ಯಾನ್‌ನಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ ಇದೆಯಾ ಅಂತ ನೋಡುವಾಗ ತಾಳೆ ಹಾಕಲು ಇನ್ನೊಂದು ಇರುವುದಿಲ್ಲ. ಅಲ್ಲಿಗೆ ‘ಪರಿಶೀಲನೆ’ ತೀರಾ ಅಗಲವಾಯಿತು. ಬ್ಯಾಂಕಿನಲ್ಲಿ, ನಾಡಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವವರು ಇದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಧಾರವಾಡ, ಕಲಬುರಗಿ ಕಡೆಯ ಮಾತು ಗೊತ್ತಿದ್ದವರು ದಯವಿಟ್ಟು ತಿಳಿಸಿ.