ಎಂಜಿನ್ ಬಿಸಿಯಾದ ಮೇಲೆ ಆಯಿಲ್ ದೀಪ ಮಿಣುಕುತ್ತದೆ. ಸ್ವಿಚ್ ಬದಲಿಸಿದ್ದಾಯಿತು, ಮುಂದೇನು?

ಗಿಂಡಿದೀಪ:

ನನ್ನದು 11 ವರ್ಷ ಹಳೆಯ ಪೆಟ್ರೋಲ್ ಕಾರು. 1.2 ಲೀಟರ್ ಎಂಜಿನ್, 1,18,000 ಕಿ.ಮೀ. ಓಡಿದೆ. ಮೂರು ವಾರದಿಂದ ಡ್ಯಾಶ್‌ಬೋರ್ಡಿನ ಆ ಕೆಂಪು ದೀಪ, ಗಿಂಡಿಯಿಂದ ಹನಿ ಬೀಳುವ ಚಿತ್ರ ಇರುತ್ತದಲ್ಲ, ಅದು ಕಾಟ ಕೊಡುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆರಲು ನಾಲ್ಕೈದು ಸೆಕೆಂಡು ಬೇಕು. ಆಮೇಲೆ ಅರ್ಧ ಗಂಟೆ ಏನೂ ತಕರಾರಿಲ್ಲ. ಎಂಜಿನ್ ಚೆನ್ನಾಗಿ ಕಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಮಿಣುಕ್ ಮಿಣುಕ್. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರಿ ಹೋಗುತ್ತದೆ.

ಡಿಪ್‌ಸ್ಟಿಕ್ ನೋಡಿದೆ, ಆಯಿಲ್ ಮೇಲಿನ ಗುರುತಿಗೇ ಇದೆ. ಬದಲಿಸಿ 4,000 ಕಿ.ಮೀ. ಆಗಿದೆ. ಕೈಪಿಡಿಯಲ್ಲಿ ಹೇಳಿದ 5ಡಬ್ಲ್ಯು-30 ದರ್ಜೆಯ ಆಯಿಲನ್ನೇ ಹಾಕಿದ್ದೇನೆ. ಕೇಳಿದವರೆಲ್ಲ "ಸ್ವಿಚ್ ಹೋಗಿರುತ್ತೆ ಬಿಡು" ಅಂದರು. ಆಯಿಲ್ ಒತ್ತಡ ನೋಡಿ ಈ ದೀಪ ಹಚ್ಚುವ ಸ್ವಿಚ್ ಅದು. ಹೊಸದು ಹಾಕಿದೆ. ಎರಡು ದಿನ ದೀಪ ಬರಲಿಲ್ಲ, ಮೂರನೇ ದಿನ ಮತ್ತೆ ಹಾಜರ್. ಈಗ ಅದೇ ಜನ "20ಡಬ್ಲ್ಯು-50 ಸುರಿ, ಸರಿ ಹೋಗುತ್ತೆ" ಅನ್ನುತ್ತಿದ್ದಾರೆ. ಸುರಿಯಲಾ?

ಹಳೇಸ್ಪ್ಯಾನರ್:

ಸುರಿಯಬೇಡಿ. 20ಡಬ್ಲ್ಯು-50ರಂಥ ದಪ್ಪ ಆಯಿಲ್ ಹಾಕಿದರೆ ಒತ್ತಡ ಸ್ವಲ್ಪ ಏರಿ ದೀಪ ಆರಬಹುದು. ಕಾಯಿಲೆ ಹಾಗೇ ಇರುತ್ತದೆ, ಕಾಣುವುದು ಮಾತ್ರ ನಿಲ್ಲುತ್ತದೆ. ಕಾರಣ ಗೊತ್ತಾಗುವ ತನಕ ಕಾರು ಓಡಿಸಲೂಬೇಡಿ.

ಆಯಿಲ್ ಮೇಲಿನ ಗುರುತಿಗಿದೆ ಅಂದಿರಿ. ಅದಕ್ಕೂ ಈ ದೀಪಕ್ಕೂ ನೇರ ಸಂಬಂಧ ಇಲ್ಲ. ತೊಟ್ಟಿ ತುಂಬ ನೀರಿದ್ದರೂ ಪಂಪು ಎಳೆಯದಿದ್ದರೆ ನಲ್ಲಿಯಲ್ಲಿ ಬರುವುದಿಲ್ಲ, ಅಲ್ವಾ? ಆ ಸ್ವಿಚ್ ಕೂಡ ಬಲು ಪೆದ್ದು. ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗೆ ಬಂದರೆ ದೀಪ ಹಚ್ಚುತ್ತದೆ, ಮೇಲಿದ್ದರೆ ಆರಿಸುತ್ತದೆ. ಎಷ್ಟಿದೆ ಅಂತ ಹೇಳುವುದಿಲ್ಲ.

ಮೊದಲು ವೈರ್ ನೋಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಆನ್ ಮಾಡಿ, ಸ್ವಿಚ್ಚಿನ ಕನೆಕ್ಟರ್ ಕಿತ್ತುಬಿಡಿ. ದೀಪ ಆರಿದರೆ ವೈರ್ ಸರಿಯಿದೆ. ಆರದಿದ್ದರೆ ಅದು ಎಲ್ಲೋ ಕಾರಿನ ಬಾಡಿಯ ಲೋಹಕ್ಕೆ ತಾಗುತ್ತಿದೆ. (ದೀಪವನ್ನು ಕಂಪ್ಯೂಟರ್ ನಡೆಸುವ ಹೊಸ ಕಾರುಗಳಲ್ಲಿ ಈ ಉಪಾಯ ನಂಬಬೇಡಿ. ನಿಮ್ಮ ಕಾರಿಗೆ ಬಹುಶಃ ನಡೆಯುತ್ತದೆ.)

ಆಮೇಲೆ ಮುಖ್ಯವಾದದ್ದು: ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಪ್ರೆಶರ್ ಗೇಜ್ ಹಾಕಿ ಅಳೆಯಿರಿ. ಯಾರ ಹತ್ತಿರವಾದರೂ ಎರವಲು ತನ್ನಿ. ಗೇಜಿನ ಮರೆ (ತಿರುಪಿನ ಸುರುಳಿ ಗೆರೆ) ಹೊಂದುತ್ತದಾ ಅಂತ ಕೈಯಲ್ಲೇ ತಿರುಗಿಸಿ ನೋಡಿ. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಬಲವಂತ ಮಾಡಿದರೆ ಮರೆ ಕಿತ್ತು ಬರುತ್ತದೆ. ತಣ್ಣಗಿದ್ದಾಗ ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ), ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿದ ಮೇಲೆ ಐಡಲ್, ಆಮೇಲೆ 2,000 ಮತ್ತು 3,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು). ನಾಲ್ಕು ಅಂಕಿ ಬರೆದು ಹಾಕಿ. 1,000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್, ಇರಬೇಕು ಅನ್ನುವುದು ಹಳಬರ ಲೆಕ್ಕ. ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ.

ತೊಟ್ಟಿಕ್ಕುವವ:

ಬೆಳಿಗ್ಗೆ ನಾಲ್ಕೈದು ಸೆಕೆಂಡು ಅಂದಿರಲ್ಲ, ಫಿಲ್ಟರ್ ಮೇಲೆ ನನಗೆ ಅನುಮಾನ. ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಅದು ಗಟ್ಟಿಯಾದರೆ ರಾತ್ರಿ ಆಯಿಲ್ ಎಲ್ಲ ಕೆಳಗಿಳಿದು ಬೆಳಿಗ್ಗೆ ಫಿಲ್ಟರ್ ಖಾಲಿ. ಜೊತೆಗೆ ಡಿಪ್‌ಸ್ಟಿಕ್ ಮೂಸಿ ನೋಡಿ. ಇಂಜೆಕ್ಟರ್ ಸೋರಿ ಪೆಟ್ರೋಲ್ ಸೇರಿದರೆ ಆಯಿಲ್ ತೆಳ್ಳಗಾಗಿ ಇದೇ ಥರ ಆಗುತ್ತದೆ. ನನಗೆ ಆಗಿತ್ತು, ಆಯಿಲ್ ಮಟ್ಟ ಕಮ್ಮಿಯಾಗುವ ಬದಲು ಏರುತ್ತಿತ್ತು!

ಗಿಂಡಿದೀಪ:

ಮೂಸಿದೆ. ಪೆಟ್ರೋಲ್ ವಾಸನೆ ಇಲ್ಲ. ಹೊಸ ಫಿಲ್ಟರ್ ಹಾಕಿದೆ, ಅದೇ ನಾಲ್ಕು ಸೆಕೆಂಡು. ಕನೆಕ್ಟರ್ ಕಿತ್ತರೆ ದೀಪ ಆರುತ್ತದೆ. ಗೇಜ್ ಎರವಲು ಸಿಕ್ಕಿತು.

ತಣ್ಣಗಿದ್ದಾಗ ಐಡಲ್ 2.1 ಬಾರ್. ಬಿಸಿ ಐಡಲ್ 0.4. ಬಿಸಿ 2,000ಕ್ಕೆ 1.5. 3,000ಕ್ಕೆ ಏರಿಸಿದಾಗ ಒಂದು ವಿಚಿತ್ರ ಆಯಿತು. ಮುಳ್ಳು 1.6ರ ತನಕ ಹೋಗಿ ಅಲ್ಲಿ ನಿಲ್ಲದೆ 0.9ಕ್ಕೆ ಇಳಿಯಿತು. ಇಳಿದದ್ದಲ್ಲದೆ ಗಡಗಡ ನಡುಗುತ್ತಿತ್ತು. ಭಯವಾಗಿ ಆಫ್ ಮಾಡಿದೆ.

ಹಳೇಸ್ಪ್ಯಾನರ್:

ಆಫ್ ಮಾಡಿದ್ದು ಒಳ್ಳೇದಾಯಿತು. ಆ ನಡುಕವೇ ಸುಳಿವು.

ಬೇರಿಂಗ್ ಸವೆದಿದ್ದರೆ ಐಡಲ್‌ನಲ್ಲಿ ಒತ್ತಡ ಕಮ್ಮಿ ಇರುತ್ತದೆ, ನಿಜ. ಆದರೆ ಆರ್‌ಪಿಎಂ ಏರಿಸಿದ ಹಾಗೆ ಅದೂ ಏರುತ್ತದೆ. ಹೆಚ್ಚಾದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಒಂದು ಮಟ್ಟಕ್ಕೆ ಹೋಗಿ ಸುಮ್ನೆ ನಿಲ್ಲುತ್ತದೆ. ನಿಮ್ಮದು ಏರಿ ಇಳಿಯಿತು. ಅಂದರೆ ಪಂಪು ಎಳೆಯುವಷ್ಟು ಆಯಿಲ್ ಅದರ ಬಾಯಿಗೆ ಬರುತ್ತಿಲ್ಲ. ಒಂದೋ ಸಂಪಿನ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಒಳಗಿನ ಜಾಲರಿ ಕಟ್ಟಿದೆ, ಇಲ್ಲವೇ ಅದರ ಕೊಳವೆಯ ರಬ್ಬರ್ ಬಳೆ, ಅಂದರೆ ಓ-ರಿಂಗ್, ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ.

ಸಂಪ್ ಇಳಿಸಿ. ಎಂಜಿನ್ ಒಳಗೆ ತೊಳೆಯುವ ಫ್ಲಶ್ ಡಬ್ಬಿ ಮಾತ್ರ ಸುರಿಯಬೇಡಿ, ಕೊಳೆ ಎಲ್ಲ ಕಳಚಿ ಬಂದು ಜಾಲರಿಯ ಉಳಿದಿರುವ ಕಣ್ಣುಗಳೂ ಮುಚ್ಚಿಹೋಗುತ್ತವೆ. ಒಂದು ಮಾತು: ಹಿಂದೆ ಯಾರಾದರೂ ಸಂಪ್ ಬಿಚ್ಚಿದ್ದರಾ?

ಗಿಂಡಿದೀಪ:

ಬಿಚ್ಚಿದ್ದರು. ನಾನೇ. ಹೋದ ವರ್ಷ ಸಂಪ್ ಅಂಚಿನಲ್ಲಿ ಆಯಿಲ್ ಜಿನುಗುತ್ತಿತ್ತು. ನಾನೇ ಸೀಲಂಟ್ (ಸಂದಿ ಮುಚ್ಚುವ ಅಂಟು) ಬಳಿದು ಕೂರಿಸಿದ್ದೆ. ಸೋರಲೇಬಾರದು ಅಂತ ಧಾರಾಳವಾಗಿಯೇ ಹಾಕಿದ್ದೆ. ಈಗ ಯಾಕೋ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತಿದೆ.

ಗಿಂಡಿದೀಪ: (ಒಂಬತ್ತು ದಿನದ ಮೇಲೆ)

ಸಂಪ್ ಇಳಿಸಿದೆ. ಜಾಲರಿಯ ಮುಕ್ಕಾಲು ಭಾಗ ಬೂದು ಬಣ್ಣದ ಸೀಲಂಟ್ ಚೂರುಗಳು ಮೆತ್ತಿದ್ದವು, ಥೇಟ್ ಶಾವಿಗೆ ತುಂಡಿನ ಹಾಗೆ. ಬೋಲ್ಟ್ ಬಿಗಿದಾಗ ಹೊರಗೆ ಬಂದದ್ದನ್ನು ಒರೆಸಿ ಹೆಮ್ಮೆ ಪಟ್ಟಿದ್ದೆ. ಅಷ್ಟೇ ಒಳಗೂ ಹೋಗಿರುತ್ತದೆ ಅಂತ ಹೊಳೆಯಲಿಲ್ಲ. ಓ-ರಿಂಗ್ ಕೂಡ ಬಳೆಯಷ್ಟು ಗಟ್ಟಿಯಾಗಿತ್ತು, ಬದಲಿಸಿದೆ.

ಈ ಸಲ ಎರಡೂ ಕಡೆ ಹಳೆಯದನ್ನು ಪೂರ್ತಿ ಕೆರೆದು, ಸುಮಾರು 3 ಮಿಲಿಮೀಟರ್ ಗೆರೆ ಎಳೆದೆ, ಬೋಲ್ಟ್ ತೂತುಗಳ ಒಳಬದಿಗೆ ಒಂದೇ ಸುತ್ತು. ರಾತ್ರಿಯಿಡೀ ಒಣಗಲು ಬಿಟ್ಟು ಹೊಸ ಆಯಿಲ್, ಫಿಲ್ಟರ್ ಹಾಕಿದೆ. ಎಂಜಿನ್ ಸ್ಟಾರ್ಟ್ ಆಗದ ಹಾಗೆ ಫ್ಯುಯಲ್ ಪಂಪಿನ ಫ್ಯೂಸ್ ಕಿತ್ತಿಟ್ಟು, ದೀಪ ಆರುವ ತನಕ ಬರೀ ಸ್ಟಾರ್ಟರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿದೆ. ಆಮೇಲೆ ಸ್ಟಾರ್ಟ್.

ಬಿಸಿ ಐಡಲ್ 1.2, 3,000ಕ್ಕೆ 3.4, ಮುಳ್ಳು ಅಲುಗುವುದಿಲ್ಲ. ಬೆಳಿಗ್ಗೆ ದೀಪ ಒಂದು ಸೆಕೆಂಡಿಗೆ ಆರುತ್ತದೆ. ನಾನು ಕಿತ್ತು ಎಸೆದ ಹಳೇ ಸ್ವಿಚ್ ಪಾಪ, ನಿಜವನ್ನೇ ಹೇಳುತ್ತಿತ್ತು.

ಹಳೇಸ್ಪ್ಯಾನರ್:

ಅಂಕಿ ಚೆನ್ನಾಗಿವೆ. ಆದರೂ ಬೇರಿಂಗ್‌ಗಳು ಮೂರು ವಾರ ಅರೆಹೊಟ್ಟೆಯಲ್ಲಿದ್ದವು. 500 ಕಿ.ಮೀ. ಆದ ಮೇಲೆ ಫಿಲ್ಟರ್ ಬಿಚ್ಚಿ, ಡಬ್ಬಿ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಸಿಲಿನಲ್ಲಿ ಬಿಡಿಸಿ ನೋಡಿ. ಬೇರಿಂಗ್ ಸವೆದು ಬಂದ ಹೊಳೆಯುವ ಚೂರು ಸಿಕ್ಕರೆ ಇಲ್ಲೇ ಬಂದು ಹೇಳಿ.