ಪಾಂಡವಪುರ ಹತ್ತಿರ ವೈರ್‌ಲೆಸ್ ಬ್ರಾಡ್‌ಬ್ಯಾಂಡ್: ರಾತ್ರಿ ಹೊತ್ತು ಪದೇ ಪದೇ ಕಟ್

ಕಬ್ಬಿನಗದ್ದೆ:
ಸಾಕಾಗಿ ಹೋಗಿದೆ. ಊರಿಗೆ ಫೈಬರ್ ಬಂದಿಲ್ಲ, ಅದಕ್ಕೇ ಟವರ್‌ನಿಂದ ರೇಡಿಯೊ ಲಿಂಕ್ ಹಾಕಿಸಿದೆವು. ಹಗಲು ಚೆನ್ನಾಗಿ ಬರುತ್ತದೆ. ರಾತ್ರಿ ಮಗಳು ಆನ್‌ಲೈನ್ ಕ್ಲಾಸಿಗೆ ಕೂತರೆ ಕಟ್. ಸ್ವಲ್ಪ ಹೊತ್ತಿಗೆ ತಾನೇ ಬರುತ್ತದೆ, ಮತ್ತೆ ಕಟ್. ಕಂಪನಿಗೆ ಫೋನ್ ಮಾಡಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ, ಅಷ್ಟೇ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ತೆಂಗಿನತೋಟ_ಮದ್ದೂರು:
ದಾರಿಯಲ್ಲಿ ತೆಂಗು ಇದೆಯಾ? 5 ಗಿಗಾಹರ್ಟ್ಸ್ ಸಿಗ್ನಲ್‌ಗೆ ಗರಿ ದೊಡ್ಡ ಅಡ್ಡಿ. ಒದ್ದೆ ಗರಿ ಇನ್ನೂ ಜಾಸ್ತಿ. ಟವರ್ ಕಣ್ಣಿಗೆ ಕಂಡರೆ ಸಾಲದು. 5 ಕಿ.ಮೀ. ಲಿಂಕ್ ಆದರೆ ನಡುದಾರಿಯಲ್ಲಿ ಫ್ರೆನೆಲ್ ವಲಯದ, ಅಂದರೆ ನೇರ ಗೆರೆಯ ಸುತ್ತ ಸಿಗ್ನಲ್ ಹರಡಿ ಹೋಗುವ ಜಾಗದ ತ್ರಿಜ್ಯವೇ ಸುಮಾರು 8 ಮೀಟರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇರಬೇಕು.

ಕಬ್ಬಿನಗದ್ದೆ:
ತೆಂಗು ಇದೆ ಸಾರ್. ಆದರೆ ಹಗಲೂ ಅದೇ ತೆಂಗು ಅಲ್ವಾ?

ತೆಂಗಿನತೋಟ_ಮದ್ದೂರು:
ರಾತ್ರಿ ಇಬ್ಬನಿ ಬೀಳುತ್ತದೆ. ಕಂಬ ಎತ್ತರಿಸಿ, ಸರಿ ಹೋಗುತ್ತದೆ.

ಡಿಶ್_ಮಳವಳ್ಳಿ:
ಉಪಗ್ರಹದ ಸಂಪರ್ಕ ತಗೊಳ್ಳಿ. ತೆಂಗಿನ ಮೇಲೆ ಆಕಾಶ ಖಾಲಿ ಇರುತ್ತದೆ. 2018ರಲ್ಲಿ ಹಾರಿಸಿದ ಜಿಸ್ಯಾಟ್-11 ಉಪಗ್ರಹ ಇರುವುದೇ ಬ್ರಾಡ್‌ಬ್ಯಾಂಡ್‌ಗೆ.

ತೆಂಗಿನತೋಟ_ಮದ್ದೂರು:
ಅದು ಸುಮಾರು 36,000 ಕಿ.ಮೀ. ಮೇಲಿದೆ. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು. ಮಗು ಟೀಚರ್ ಜೊತೆ ಮಾತಾಡೋದು ಹೇಗೆ?

ಡಿಶ್_ಮಳವಳ್ಳಿ:
ಪಾಠ ಕೇಳುವುದಕ್ಕೆ ಅಷ್ಟು ತಡ ನಡೆಯುತ್ತದೆ. ಕಟ್ ಆಗುವುದಕ್ಕಿಂತ ಮೇಲು.

ವಿಸಿನಾಲೆ:
ಉಪಗ್ರಹದ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳಿ. ಕಬ್ಬಿನಗದ್ದೆ ಅವರೇ, ಕಟ್ ಆಗಿ ಬಂದ ಕೂಡಲೇ ಕಂಬದ ಮೇಲಿನ ರೇಡಿಯೊದ ಸೆಟ್ಟಿಂಗ್ಸ್ ಪೇಜ್ ತೆಗೆಯಿರಿ. ಸಿಗ್ನಲ್ ಎಷ್ಟು, ಅಪ್‌ಟೈಮ್ (ಆನ್ ಆಗಿ ಎಷ್ಟು ಹೊತ್ತಾಯಿತು) ಎಷ್ಟು ನೋಡಿ. ಅಪ್‌ಟೈಮ್ ಸೊನ್ನೆಯಿಂದ ಶುರುವಾಗಿದ್ದರೆ ರೇಡಿಯೊನೇ ಆಫ್ ಆಗಿ ಆನ್ ಆಗಿದೆ. ಲ್ಯಾನ್ ಕೇಬಲ್‌ನಲ್ಲೇ ರೇಡಿಯೊಗೆ ಕರೆಂಟ್ ಕಳಿಸುವ ಪಿಒಇ ಅಡಾಪ್ಟರ್ ಎಲ್ಲಿದೆ?

ಕಬ್ಬಿನಗದ್ದೆ:
ಸಿಗ್ನಲ್ ಮೈನಸ್ 62. ಅಪ್‌ಟೈಮ್ 3 ನಿಮಿಷ. ಅಡಾಪ್ಟರ್ ಪಂಪ್‌ಸೆಟ್ ಮನೆಯಲ್ಲಿದೆ, ಕಂಬ ಅಲ್ಲೇ ಇರೋದು. ರೂಟರ್ ಮಾತ್ರ ಮನೆಯಲ್ಲಿ, ಯುಪಿಎಸ್‌ಗೆ ಹಾಕಿದ್ದೇವೆ.

ವಿಸಿನಾಲೆ:
ಹಾಗಾದರೆ ಇದು ಕರೆಂಟಿನ ಸಮಸ್ಯೆ. ಮೈನಸ್ 62 ಒಳ್ಳೆ ಸಿಗ್ನಲ್. ರಾತ್ರಿ ತ್ರೀಫೇಸ್ ಬಂದ ತಕ್ಷಣ ಸುತ್ತಲಿನ ಆಟೋ ಸ್ಟಾರ್ಟರ್‌ಗಳು ಒಟ್ಟಿಗೆ ಪಂಪ್ ಮೋಟರ್ ಶುರು ಮಾಡುತ್ತವೆ. ಶುರುವಿಗೆ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ರೇಡಿಯೊ ರೀಬೂಟ್ ಆಗುತ್ತದೆ. ಆ ಲೈನ್ ರಾತ್ರಿಯೆಲ್ಲ ಹೋಗಿ ಬಂದು ಮಾಡಿದರೆ ಪ್ರತಿ ಸಲವೂ ಇದೇ ಕಥೆ.

ತೆಂಗಿನತೋಟ_ಮದ್ದೂರು:
ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇರುತ್ತದೆ. 150ಕ್ಕೆ ಇಳಿದರೂ ಏನೂ ಆಗಲ್ಲ. ನನ್ನ ರೇಡಿಯೊನೂ ತೋಟದಲ್ಲೇ ಇದೆ. ಕಂಬ 40 ಅಡಿ ಜಿಐ ಪೈಪ್, ಎಳೆದು ಹಿಡಿಯಲು ಮೂರು ಕಡೆ ಗೈ ವೈರ್. ಮಳೆಗಾಲದಲ್ಲೂ ಕದಲಿಲ್ಲ.

ವಿಸಿನಾಲೆ:
ಹೊಸ ಅಡಾಪ್ಟರ್ ತಡೆಯುತ್ತದೆ. ಪಂಪ್‌ಸೆಟ್ ಮನೆಯ ಸೆಕೆ, ಧೂಳಿನಲ್ಲಿ ಹಳೆಯದರ ಒಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಸೊರಗಿರುತ್ತದೆ. ಅಡಾಪ್ಟರ್ ಮನೆಗೆ ತಂದು ಯುಪಿಎಸ್‌ಗೆ ಹಾಕಿ. ರೇಡಿಯೊವರೆಗೆ ಪೂರ್ತಿ ತಾಮ್ರದ ಒಂದೇ ಲ್ಯಾನ್ ಕೇಬಲ್ ಎಳೆಸಿ. 100 ಮೀಟರ್ ದಾಟಬಾರದು. ಅಗ್ಗದ ಅಲ್ಯೂಮಿನಿಯಂ ಕೇಬಲ್ ಬೇಡವೇ ಬೇಡ, ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ.

ಕಬ್ಬಿನಗದ್ದೆ:
60 ಮೀಟರ್ ಆಗಬಹುದು. ನಾಳೆ ಕೇಬಲ್ ತರಿಸುತ್ತೇನೆ. ಥ್ಯಾಂಕ್ಸ್ ಅಣ್ಣ.

ಡಿಶ್_ಮಳವಳ್ಳಿ:
ಮದ್ದೂರಿನವರೇ, ಆ 40 ಅಡಿ ಪೈಪ್ ಬುಡ ಎಷ್ಟು ಇಂಚು? ಸಿಡಿಲಿಗೆ ಅರ್ತಿಂಗ್ ಕೊಟ್ಟಿದ್ದೀರಾ? ಫೋಟೊ ಇದ್ದರೆ ಹಾಕಿ.