ಖಿನ್ನತೆ ಮರುಕಳಿಸದಿರಲು: ಮಾತ್ರೆ ಮುಂದುವರಿಸಬೇಕೇ, ಮೈಂಡ್‌ಫುಲ್‌ನೆಸ್ ಕಲಿಯಬೇಕೇ?

ಪ್ರಶ್ನೆ: ನನಗೆ ಖಿನ್ನತೆ ಮೂರು ಸಲ ಬಂದು ಹೋಗಿದೆ. ಈಗ ಬಹುಕಾಲದಿಂದ ಆರೋಗ್ಯವಾಗಿದ್ದೇನೆ, ಮಾತ್ರೆಯೂ ನಡೆದಿದೆ. ಮೈಂಡ್‌ಫುಲ್‌ನೆಸ್ ಚಿಕಿತ್ಸೆ (ಉಸಿರು, ದೇಹ, ಯೋಚನೆಗಳನ್ನು ಇದ್ದಂತೆ ಗಮನಿಸಲು ಕಲಿಸುವ ಧ್ಯಾನದ ತರಬೇತಿ) ಪಡೆದರೆ ಮಾತ್ರೆ ಬಿಡಬಹುದೆಂದು ಕೆಲವರು ಹೇಳುತ್ತಾರೆ. ಬಲ್ಲವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಮೊದಲ ಉತ್ತರ: ನಾನು ಮಾತ್ರೆಯ ಮೇಲಿದ್ದಾಗಲೇ ಈ ತರಬೇತಿಗೆ ಸೇರಿ, ಅದು ಮುಗಿದ ಮೇಲೆ ಮನೋವೈದ್ಯರ ಸಲಹೆಯಂತೆ ಡೋಸ್ ಇಳಿಸುತ್ತ ಬಂದು, ಕೊನೆಗೆ ನಿಲ್ಲಿಸಿದವನು. ತಮ್ಮ ಪ್ರಶ್ನೆಯನ್ನೇ ಹಿಡಿದು ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಖಿನ್ನತೆಗೆ ಒಳಗಾಗಿ ಮಾತ್ರೆ ಸೇವಿಸುತ್ತಿದ್ದ 424 ಮಂದಿಯಲ್ಲಿ ಅರ್ಧದಷ್ಟು ಜನರು ಮಾತ್ರೆಯನ್ನು ಮುಂದುವರಿಸಿದರೆ, ಉಳಿದವರಿಗೆ ಮೈಂಡ್‌ಫುಲ್‌ನೆಸ್ ಕಲಿಸಿ, ಮಾತ್ರೆಯನ್ನು ಹಂತ ಹಂತವಾಗಿ ಇಳಿಸಲು ನೆರವು ನೀಡಲಾಯಿತು. ಎರಡು ವರ್ಷಗಳಲ್ಲಿ ಖಿನ್ನತೆ ಮರುಕಳಿಸಿದ್ದು ಮಾತ್ರೆಯವರಲ್ಲಿ ಶೇ. 47, ತರಬೇತಿಯವರಲ್ಲಿ ಶೇ. 44. ಇದನ್ನು ಧ್ಯಾನದ ಗೆಲುವೆಂದು ಸಾರುವವರಿದ್ದಾರೆ. ಆದರೆ ಅಷ್ಟು ಅಂತರದಿಂದ ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳಲಾಗದು. ಯಾವ ದಾರಿ ಹಿಡಿದರೂ ಮರುಕಳಿಸುವ ಸಾಧ್ಯತೆ ಸಣ್ಣದಲ್ಲ ಎಂಬುದೇ ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು.

ತರಬೇತಿ 8 ವಾರಗಳದ್ದು. ವಾರಕ್ಕೊಮ್ಮೆ ಎರಡು ಗಂಟೆಗೂ ಮೇಲ್ಪಟ್ಟ ತರಗತಿ, ಉಳಿದ ದಿನಗಳಲ್ಲಿ ಮನೆಯಲ್ಲಿ ಅಭ್ಯಾಸ. ಅಂಗಾತ ಮಲಗಿ ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗದ ಮೇಲೆ ಗಮನವಿಡುವ ಅಭ್ಯಾಸ ಮೊದಮೊದಲು ನನಗೆ ಬೇಸರವನ್ನೇ ತಂದಿತು (ಮನಸ್ಸು ಖಾಲಿಯಾಗಬೇಕೆಂದು ಯಾರೂ ಕೇಳುವುದಿಲ್ಲ, ಅದೊಂದು ಸಮಾಧಾನ). ಪ್ರಯೋಜನ ತಿಳಿದದ್ದು ನಸುಕಿನ ಹೊತ್ತಿನಲ್ಲಿ. ನಾಲ್ಕು ಗಂಟೆಗೆ ಎಚ್ಚರವಾಗಿ, ‘ಮತ್ತೆ ಶುರುವಾಯಿತು, ಇನ್ನು ನನ್ನಿಂದಾಗದು’ ಎಂಬ ಯೋಚನೆ ಬಂದಾಗ, ಹಿಂದೆ ಅದನ್ನೇ ಸತ್ಯವೆಂದು ನಂಬಿ ಬೆಳಗಿನವರೆಗೆ ಅದರ ಬೆನ್ನು ಹತ್ತುತ್ತಿದ್ದೆ. ಈಗ ಅದು ಬಂದುಹೋಗುವ ಯೋಚನೆಯೆಂದು ಗುರುತಿಸಿ, ಮೂರು ನಿಮಿಷ ಉಸಿರನ್ನು ಗಮನಿಸಿ ಏಳಲು ಸಾಧ್ಯವಾಗುತ್ತದೆ. ಖಿನ್ನತೆ ತೀವ್ರವಾಗಿರುವಾಗ ಇದನ್ನು ಹೊಸದಾಗಿ ಕಲಿಯುವುದು ಕಷ್ಟ. ತಾವು ಆರೋಗ್ಯವಾಗಿರುವ ಈ ಕಾಲವೇ ಅದಕ್ಕೆ ತಕ್ಕದ್ದು.

ಎರಡನೆಯ ಉತ್ತರ: ಮೇಲಿನವರ ಮಾತಿಗೆ ಒಂದನ್ನು ಸೇರಿಸಬೇಕು. ನಾನೂ ಆ ತರಬೇತಿ ಪಡೆದವಳು, ಆದರೆ ಮಾತ್ರೆ ಬಿಟ್ಟಿಲ್ಲ. ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ಎಲ್ಲರಿಗೂ ಈ ತರಬೇತಿ ಕೊಟ್ಟು, ಕೆಲವರಿಗೆ ಮಾತ್ರೆ ನಿಲ್ಲಿಸಲು, ಉಳಿದವರಿಗೆ ಮುಂದುವರಿಸಲು ಹೇಳಿದಾಗ, ನಿಲ್ಲಿಸುವ ಗುಂಪಿನಲ್ಲಿ ಶೇ. 54 ಜನರಿಗೂ ಮುಂದುವರಿಸಿದ ಗುಂಪಿನಲ್ಲಿ ಶೇ. 39 ಜನರಿಗೂ ಖಿನ್ನತೆ ಮರಳಿತು. ತರಬೇತಿ ಪಡೆದ ಮಾತ್ರಕ್ಕೆ ಮಾತ್ರೆ ಅನವಶ್ಯವಾಗುತ್ತದೆಂದು ಇದರಿಂದ ಹೇಳಲಾಗದು. ನನ್ನ ಪಾಲಿಗೆ ಮಾತ್ರೆಯಿಂದ ತೂಕ ಹೆಚ್ಚಿದ್ದು, ಲೈಂಗಿಕ ಆಸಕ್ತಿ ಕುಗ್ಗಿದ್ದು ನಿಜ. ಅವನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿದ ಮೇಲೆ ಅವರು ಔಷಧಿಯನ್ನೇ ಬದಲಿಸಿದರು. ಮಾತ್ರೆ ನುಂಗುವುದನ್ನು ಮನೋದೌರ್ಬಲ್ಯವೆಂದು ಹೀಯಾಳಿಸುವವರ ಮಾತಿಗೆ ಕಿವಿಗೊಟ್ಟು ಯಾರೂ ನಿಲ್ಲಿಸಬಾರದು.

ಮೂರನೆಯ ಉತ್ತರ: ನನ್ನ ಪತ್ನಿಯ ಡೋಸ್ ಇಳಿಸುವಾಗ ಜೊತೆಗಿದ್ದು ಕಂಡದ್ದನ್ನಷ್ಟೇ ಹೇಳುತ್ತೇನೆ. ಇಳಿಸಿದ ಕೆಲವೇ ದಿನಗಳಲ್ಲಿ ತಲೆಸುತ್ತು, ವಿಚಿತ್ರ ಕನಸುಗಳು, ತಲೆಯೊಳಗೆ ವಿದ್ಯುತ್ ಹರಿದಂಥ ಚಳುಕು ಕಾಣಿಸಿಕೊಂಡಾಗ ಇಬ್ಬರೂ ಕಾಯಿಲೆಯೇ ಮರಳಿತೆಂದು ಹೆದರಿದೆವು. ಔಷಧಿ ಕಡಿಮೆಯಾದಾಗ ದೇಹ ತೋರುವ ಲಕ್ಷಣಗಳಿವು, ಖಿನ್ನತೆ ಸಾಮಾನ್ಯವಾಗಿ ವಾರಗಳಲ್ಲಿ ಮೆಲ್ಲಗೆ ಆವರಿಸುತ್ತದೆ ಎಂದು ವೈದ್ಯರು ತಿಳಿಸಿ, ಹಿಂದಿನ ಡೋಸ್‌ಗೆ ಮರಳಿಸಿ, ಇನ್ನೂ ಸಣ್ಣ ಹಂತಗಳಲ್ಲಿ ಇಳಿಸಿದರು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥ ಖಿನ್ನತೆಯ ಮಾತ್ರೆಗಳು ದೇಹದಿಂದ ಬೇಗ ಹೊರಹೋಗುವುದರಿಂದ ಈ ತೊಂದರೆ ಹೆಚ್ಚು. ಫ್ಲೂಆಕ್ಸೆಟಿನ್ ನಿಧಾನವಾಗಿ ಹೊರಹೋಗುವುದರಿಂದ ಕಡಿಮೆ. ಆದ್ದರಿಂದ ತಾವು ಸೇವಿಸುವ ಮಾತ್ರೆ ಯಾವುದು, ಎಷ್ಟು ಕಾಲದಿಂದ ಸೇವಿಸುತ್ತಿದ್ದೀರಿ ಎಂಬುದನ್ನು ಮೊದಲು ಬರೆದಿಟ್ಟುಕೊಂಡು ವೈದ್ಯರ ಬಳಿ ಹೋಗಿ. ಹಿಂದಿನ ಮೂರು ಸಲವೂ ಮೊದಲು ಕೆಟ್ಟದ್ದು ನಿದ್ರೆಯೋ, ಹಸಿವೋ, ಮಾತುಕತೆಯೋ ಎಂಬುದನ್ನು ಮನೆಯವರನ್ನೂ ಕೇಳಿ ಅದೇ ಹಾಳೆಯಲ್ಲಿ ಬರೆದುಕೊಳ್ಳಿ.